ಬಾರ್ಬೊಲಿನಿ ಮಾದರಿ

ಮಾರ್ಚ್ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ ತಮಾರಾ ಪೆಲ್ಲಕಾನಿ ಬಾಳೆಹಣ್ಣಿನ ರಟ್ಟಿನ ಪೆಟ್ಟಿಗೆಯೊಂದನ್ನು ಎದೆಗವಚಿಕೊಂಡು ನೆರಿಯೊ ಗುಯಿದೆತ್ತಿಯ ಗ್ಯಾರೇಜಿನೊಳಗೆ ಬಂದಳು. ಅವಳು ಪಶುವೈದ್ಯೆ. ಯಾವುದೋ ಹಸುವಿನ ಹೆರಿಗೆ ಮುಗಿಸಿ ನೇರ ಬಂದಿದ್ದಳೆಂದು ಕಾಣುತ್ತದೆ, ರಬ್ಬರ್ ಬೂಟಿಗೆ ಕೊಟ್ಟಿಗೆಯ ಕೆಸರು ಇನ್ನೂ ಹಸಿಯಾಗಿಯೇ ಮೆತ್ತಿಕೊಂಡಿತ್ತು. ಪೆಟ್ಟಿಗೆಯನ್ನು ಬೆಂಚಿನ ಮೇಲೆ ಧೊಪ್ಪನೆ ಇಟ್ಟು ಹೇಳಿದಳು:

"ಮೂರು ತಂದಿದೀನಿ. ಯಾವುದು ಒಳ್ಳೇದು ಅಂತ ನನಗೆ ಪಾಠ ಮಾಡ್ಬೇಡಿ ಗುಯಿದೆತ್ತಿಯವರೇ. ಯಾವುದು ಹಾಕ್ಬೇಕು ಅಂತ ಹೇಳಿ ಸಾಕು."

"ಅಷ್ಟು ಅವಸರ ಇದ್ರೆ ಡಾಕ್ಟ್ರಮ್ಮ, ಕಣ್ಣು ಮುಚ್ಕೊಂಡು ಒಂದನ್ನ ಎತ್ಕೊಳ್ಳಿ."

"ಹಸು ಆಗಿದ್ರೆ ನಾನೇ ಹೊಟ್ಟೆ ಮುಟ್ಟಿ ಹೇಳ್ತಿದ್ದೆ. ಇದನ್ನ ಮುಟ್ಟಿದ್ರೆ ನನ್ನ ಕೈ ಕೊಳೆಯಾಗುತ್ತೆ, ಅಷ್ಟೇ."

ಅವಳ ಕಾರು ಅಲ್ಲೇ ಮೂಲೆಯಲ್ಲಿ ಬಾನೆಟ್ ತೆರೆದುಕೊಂಡು ನಿಂತಿತ್ತು. ೧೯೬೮ರ ಸ್ಪೈಡರ್, ಎರಡೇ ಸೀಟು, ಬಟ್ಟೆಯ ಮಾಡು. ಎಂಜಿನ್ ಮಾತ್ರ ಎರಡು ವಾರದ ಹಿಂದೆಯೇ ಹೊರಗೆ ಬಂದು ಪರೀಕ್ಷೆಯ ಬೆಂಚಿನ ಮೇಲೆ ಕೂತಿತ್ತು. ಮೇ ತಿಂಗಳಲ್ಲಿ ಹಳೆಯ ಕಾರುಗಳ ಗುಡ್ಡ ಹತ್ತುವ ರೇಸು. ಒಂಬತ್ತು ಕಿಲೋಮೀಟರು, ಒಂದು ಹಿಮ್ಮುರಿ ತಿರುವು ಮುಗಿಯುವಷ್ಟರಲ್ಲಿ ಇನ್ನೊಂದು. ಹೋದ ವರ್ಷ ಅವಳು ಅದರಲ್ಲಿ ಕೊನೆಯಿಂದ ಎರಡನೆಯವಳಾಗಿದ್ದಳು. ಕೊನೆಯವನ ಕಾರು ದಾರಿಯಲ್ಲೇ ನಿಂತುಹೋಗಿತ್ತು.

ಅವಳು ತಂದದ್ದು ಮ್ಯಾನಿಫೋಲ್ಡುಗಳನ್ನು. ಕಾರ್ಬ್ಯುರೇಟರಿನಲ್ಲಿ ಬೆರೆತ ಗಾಳಿ ಮತ್ತು ಪೆಟ್ರೋಲನ್ನು ಎಂಜಿನ್ನಿನ ನಾಲ್ಕು ಬಾಯಿಗೆ ಹಂಚುವ ಅಲ್ಯೂಮಿನಿಯಂ ಕವಲುಕೊಳವೆ ಅದು. ನೋಡಿದವರು ಕಸದ ಬುಟ್ಟಿಗೆ ಎಸೆಯಬಹುದಾದ ವಸ್ತು. ಆದರೆ ಆ ಕೊಳವೆ ಎಷ್ಟು ಉದ್ದ, ಎಲ್ಲಿ ಬಾಗುತ್ತದೆ, ಒಳಗೆ ಎಷ್ಟು ನುಣುಪು ಎನ್ನುವುದರ ಮೇಲೆ ಅದೇ ಎಂಜಿನ್ ಯಾವ ವೇಗದಲ್ಲಿ ಎಳೆಯುತ್ತದೆ, ಯಾವ ವೇಗದಲ್ಲಿ ಏದುಸಿರು ಬಿಡುತ್ತದೆ ಎನ್ನುವುದು ನಿಂತಿರುತ್ತದೆ. ಇಂಥದೊಂದು ಕವಲುಕೊಳವೆಯನ್ನು ತನ್ನದೇ ಲೆಕ್ಕದಲ್ಲಿ ರೂಪಿಸಲು ನೆರಿಯೊ ಹನ್ನೊಂದು ವರ್ಷ ಅದರ ಹಿಂದೆ ಬಿದ್ದಿದ್ದ. ಅವನಿಗೀಗ ಅರವತ್ತೊಂದು. ಮೊದೆನಾ ನಗರದ ಸುತ್ತಮುತ್ತ ಹಳೆಯ ಎಂಜಿನ್ ಯಾರದೇ ಕೈಯಲ್ಲಿ ಮುನಿಸಿಕೊಂಡರೂ ಕೊನೆಗೆ ಸ್ಪಿಲಂಬೆರ್ತೊದ ಅವನ ಗ್ಯಾರೇಜಿಗೇ ಬರುತ್ತಿತ್ತು.

ಮೊದಲನೆಯದು ಕಾರಿನ ಜೊತೆಗೇ ಕಾರ್ಖಾನೆಯಿಂದ ಬಂದದ್ದು, ಒಂದೇ ಕಾರ್ಬ್ಯುರೇಟರಿಗೆ ಮಾಡಿದ್ದು. ಎರಡನೆಯದರ ಮೇಲೆ ಎರಡು ಕಾರ್ಬ್ಯುರೇಟರ್ ನೆಟ್ಟಗೆ ನಿಲ್ಲುತ್ತಿದ್ದವು, ಕೊಳವೆಗಳು ಗಿಡ್ಡ. ಮೂರನೆಯದು ಹಳೆಯ ಪತ್ರಿಕೆಯಲ್ಲಿ ಸುತ್ತಿಕೊಂಡಿತ್ತು.

"ಅದು ಹೊಚ್ಚಹೊಸದು," ಎಂದಳು ತಮಾರಾ. "ಬ್ರೆಶಾ ಕಡೆಯ ಯಾವುದೋ ಕಂಪನಿಯದ್ದು, ಕ್ಯಾಟಲಾಗು ನೋಡಿ ತರಿಸ್ದೆ. ಫೋಟೊದಲ್ಲಿ ಚೆಂದ ಕಾಣ್ತು. ನಗಬೇಡಿ."

ನೆರಿಯೊ ನಗಲಿಲ್ಲ. ಪತ್ರಿಕೆ ಬಿಚ್ಚಿ ಕೈಗೆತ್ತಿಕೊಂಡಾಗ ಕಣ್ಣಿಗಿಂತ ಮೊದಲು ಅವನ ಅಂಗೈಗೆ ಗೊತ್ತಾಯಿತು. ಉದ್ದದ ನಾಲ್ಕು ಕೊಳವೆ, ಎರಡು ಕಾರ್ಬ್ಯುರೇಟರುಗಳು ಅಡ್ಡ ಮಲಗುವಂಥ ಬಾಯಿ. ಕೊಳವೆಗಳು ಎಂಜಿನ್ನಿನಿಂದ ಹೊರಟು ಮೊದಲು ಸ್ವಲ್ಪ ತಗ್ಗಿ, ಆಮೇಲೆ ಮೆಲ್ಲಗೆ ಮೇಲೆದ್ದು ಬಾಗುವ ರೀತಿ. ಆ ಬಾಗನ್ನು ಅವನು ಕನಸಿನಲ್ಲೂ ಗುರುತಿಸಬಲ್ಲವನಾಗಿದ್ದ. ಆದರೂ ಒಂದು ಕ್ಷಣ, ಇನ್ಯಾರೋ ಬುದ್ಧಿವಂತನಿಗೆ ಇದೇ ಲೆಕ್ಕಾಚಾರ ಹೊಳೆದಿರಬಹುದಲ್ಲ ಎಂದುಕೊಂಡ. ಹೊಳೆಯಬಾರದೆಂದೇನಿಲ್ಲ. ಹಾಗೆಂದುಕೊಳ್ಳುತ್ತಲೇ ಎರಡನೆಯ ಕೊಳವೆಯ ಅಡಿಗೆ ಬೆರಳು ಹಾಯಿಸಿದ. ಅಲ್ಲಿ ಹೆಬ್ಬೆರಳು ಕೂರುವಷ್ಟು ಒಂದು ತಗ್ಗಿತ್ತು.

ಆ ತಗ್ಗಿಗೆ ಒಂದು ಕಾರಣವಿತ್ತು. ಮೂರು ವರ್ಷದ ಹಿಂದೆ ನೆರಿಯೊ ಇದೇ ಮಾದರಿಯ ತನ್ನ ಸ್ವಂತ ಸ್ಪೈಡರಿಗೆ, ಎಂಜಿನ್ ಎಣ್ಣೆ ತಣಿಸಲೆಂದು ಟ್ರ್ಯಾಕ್ಟರಿನದೊಂದು ಆಯಿಲ್ ಕೂಲರ್ ಹಾಕಿದ್ದ. ಅದರ ಪೈಪು ಮ್ಯಾನಿಫೋಲ್ಡಿಗೆ ತಾಗುತ್ತಿತ್ತು. ಮರದ ಅಚ್ಚು ಕೆತ್ತುತ್ತಿದ್ದವನಿಗೆ, 'ಇಲ್ಲಿ ಸ್ವಲ್ಪ ತಗ್ಗು ಮಾಡು' ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿಕೊಟ್ಟಿದ್ದ. ಅಂಥ ಪೈಪು ಜಗತ್ತಿನ ಬೇರಾವ ಸ್ಪೈಡರಿನಲ್ಲೂ ಇರಲಿಲ್ಲ. ಅಂದಮೇಲೆ ಆ ತಗ್ಗು ಬೇರೆ ಯಾರಿಗೂ ಬೇಕಿರಲಿಲ್ಲ.

"ಏನಾಯ್ತು? ಬಿರುಕು ಬಿಟ್ಟಿದೆಯಾ?" ತಮಾರಾ ಕೇಳಿದಳು.

"ಇಲ್ಲ ಡಾಕ್ಟ್ರಮ್ಮ, ಎರಕ ಚೆನ್ನಾಗಿದೆ. ಒಂದು ವಾರ ಕೊಡಿ. ಮೂರನ್ನೂ ಬೆಂಚಿನ ಮೇಲೆ ಹಾಕಿ ನೋಡಿ ಹೇಳ್ತೀನಿ."

ಅವಳು ಹೋದ ಮೇಲೆ ನೆರಿಯೊ ಗೋಡೆಯ ಮೊಳೆಗೆ ನೇತುಹಾಕಿದ್ದ ತನ್ನ ಮ್ಯಾನಿಫೋಲ್ಡನ್ನು ಇಳಿಸಿ ಹೊಸದರ ಪಕ್ಕಕ್ಕಿಟ್ಟ. ಅಳತೆಯ ಕ್ಯಾಲಿಪರ್ ಹಿಡಿದು ಹದಿನಾಲ್ಕು ಕಡೆ ಅಳೆದ. ಹದಿನಾಲ್ಕು ಕಡೆಯೂ ಒಂದೇ. ಹನ್ನೊಂದು ವರ್ಷದಲ್ಲಿ ಈ ಕೊನೆಯ ಅಚ್ಚಿನಿಂದ ಅವನು ಎರಕ ಹೊಯ್ಯಿಸಿದ್ದು ಎರಡೇ ಎರಡು. ಒಂದು ಅವನ ಕಾರಿನಲ್ಲಿತ್ತು, ಇನ್ನೊಂದು ಈ ಮೊಳೆಯಲ್ಲಿ. ಮರದ ಅಚ್ಚು ಇದ್ದದ್ದು ಲೆಯಾರ್ಕೊ ಬಾರ್ಬೊಲಿನಿಯ ಮನೆಯ ಹಿಂದಿನ ಕೆಲಸದ ಕೋಣೆಯಲ್ಲಿ.

ಲೆಯಾರ್ಕೊ ಎಂದರೆ ನೆರಿಯೊನ ಹೆಂಡತಿ ವಾಂದಾಳ ಅಣ್ಣ. ಎರಕದ ಮನೆಗಳಿಗೆ, ಮರಳಿನಲ್ಲಿ ಒತ್ತಿ ಆಕಾರ ಮೂಡಿಸುವ ಮರದ ಅಚ್ಚು ಕೆತ್ತಿಕೊಡುವುದು ಅವನ ಕಸುಬು. ಇಬ್ಬರೂ ಇಪ್ಪತ್ತರ ವಯಸ್ಸಿನಲ್ಲಿ ಒಟ್ಟಿಗೆ ಸೈನ್ಯದ ಕಡ್ಡಾಯ ಸೇವೆ ಮಾಡಿದವರು. ರಜೆಯಲ್ಲಿ ಲೆಯಾರ್ಕೊ ಅವನನ್ನು ಮನೆಗೆ ಊಟಕ್ಕೆ ಕರೆದೊಯ್ದಿದ್ದಕ್ಕೇ ನೆರಿಯೊ ವಾಂದಾಳನ್ನು ನೋಡಿದ್ದು. ಲೆಯಾರ್ಕೊ ಮದುವೆಯಾಗಲಿಲ್ಲ. ನಲವತ್ತು ವರ್ಷದಿಂದ ಪ್ರತಿ ಭಾನುವಾರ ಅವನ ಊಟ ತಂಗಿಯ ಮನೆಯಲ್ಲೇ. ಇಂಥವನ ಹೆಸರು ಮನಸ್ಸಿಗೆ ಬಂದೊಡನೆ ನೆರಿಯೊ ಅದನ್ನು ಪಕ್ಕಕ್ಕೆ ತಳ್ಳಿ ಇನ್ನೊಂದು ಹೆಸರು ಹುಡುಕಿದ. ಸಿಕ್ಕಿಯೂ ಸಿಕ್ಕಿತು. ದೆನಿಸ್. ಒಂಬತ್ತು ವರ್ಷ ತನ್ನ ಹತ್ತಿರ ಕೆಲಸ ಮಾಡಿ ನಾಲ್ಕು ವರ್ಷದ ಹಿಂದೆ ಬೊಲೊಞದ ದೊಡ್ಡ ಗ್ಯಾರೇಜಿಗೆ ಹೋದವನು. ಅವನಿಗೆ ಅಳತೆಗಳೆಲ್ಲ ಬಾಯಿಪಾಠವಾಗಿದ್ದವು.

ನೆರಿಯೊ ಅಲ್ಲಿಂದಲೇ ಫೋನು ಮಾಡಿದ. ಸಿಟ್ಟಿನಲ್ಲಿದ್ದವನು ಕ್ಷೇಮಸಮಾಚಾರ ಕೇಳುವಷ್ಟೂ ತಡೆಯಲಿಲ್ಲ.

"ನನ್ನ ಮ್ಯಾನಿಫೋಲ್ಡನ್ನ ಯಾರಿಗೆ ಮಾರ್ಕೊಂಡೆ?"

"ಯಜಮಾನ್ರೇ? ಏನು ಹೇಳ್ತಿದೀರಿ ನೀವು?"

"ನಾಟಕ ಬೇಡ ದೆನಿಸ್. ಬೆಂಚಿನ ಮೇಲಿದೆ ಇಲ್ಲಿ. ತಗ್ಗಿನ ಸಮೇತ ಮಾಡಿದಾರೆ, ಕದಿಯೋಕೂ ಬುದ್ಧಿ ಬೇಡ್ವಾ?"

ಆ ಕಡೆ ಯಾರೋ ಸುತ್ತಿಗೆ ಬಡಿಯುವುದು ಕೇಳುತ್ತಿತ್ತು. ದೆನಿಸ್ ಮೆಲ್ಲಗೆ ಕೇಳಿದ: "ಯಾವ ತಗ್ಗು ಯಜಮಾನ್ರೇ? ನಾನಿದ್ದಾಗ ತಗ್ಗೇ ಇರ್ಲಿಲ್ಲವಲ್ಲ."

ನೆರಿಯೊ ಮನಸ್ಸಿನಲ್ಲೇ ವರ್ಷ ಎಣಿಸಿದ. ಹೌದು. ದೆನಿಸ್ ಹೋಗಿ ಒಂದು ವರ್ಷವಾದ ಮೇಲಲ್ಲವೇ ಆ ಆಯಿಲ್ ಕೂಲರ್ ಬಂದದ್ದು.

"ಒಂಬತ್ತು ವರ್ಷ ನಿಮ್ಮ ಕೈಕೆಳಗಿದ್ದೆ," ಎಂದ ದೆನಿಸ್. "ಒಂದು ನಟ್ಟು ಜೇಬಿಗೆ ಹಾಕ್ಕೊಂಡು ಹೋದವನಲ್ಲ ನಾನು. ನಿಮಗೆ ಮೊದಲು ನೆನಪಾದ ಹೆಸರು ನಂದಾ?" ನೆರಿಯೊ ಕ್ಷಮೆ ಕೇಳಲು ಮಾತು ಹುಡುಕುವಷ್ಟರಲ್ಲಿ ಫೋನು ಕಟ್ಟಾಯಿತು.

ಮಧ್ಯಾಹ್ನ ಅವನು ಆ ಹೊಸ ಮ್ಯಾನಿಫೋಲ್ಡನ್ನು ಮತ್ತೆ ಪತ್ರಿಕೆಯಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಮನೆಗೆ ನಡೆದ. ದಾರಿಯುದ್ದಕ್ಕೂ ಒಂದು ವಾಕ್ಯವನ್ನು ಜೋಡಿಸಿಕೊಳ್ಳುತ್ತಿದ್ದ. 'ವಾಂದಾ, ನಿನ್ನಣ್ಣನ ಮೇಲೆ ನನಗೊಂದು ಕೆಟ್ಟ ಅನುಮಾನ ಬಂದಿದೆ. ನನಗೆ ಬುದ್ಧಿ ಕೆಟ್ಟಿದೆ ಅಂತ ಹೇಳು.' ಅವಳು ಹಾಗೆಂದು ಬೈಯಲಿ ಎಂಬುದೇ ಅವನ ಆಸೆ. ಬೈದರೆ ಸಾಕು, ಸಂಜೆ ಲೆಯಾರ್ಕೊನ ಬಳಿಗೇ ಹೋಗಿ, ನಮ್ಮ ಅಚ್ಚನ್ನು ಯಾರೋ ಕದ್ದಿದ್ದಾರೆ ಕಣೋ, ಬಾ ಹುಡುಕೋಣ ಎನ್ನಬಹುದಿತ್ತು.

ವಾಂದಾ ಅಡುಗೆಮನೆಯ ಮೇಜಿನ ಮೇಲೆ ಮೊಟ್ಟೆ ಹಾಕಿ ಕಲಸಿದ ಹಿಟ್ಟನ್ನು ಉದ್ದನೆಯ ಲಟ್ಟಣಿಗೆಯಲ್ಲಿ ತೆಳ್ಳಗೆ ಲಟ್ಟಿಸುತ್ತಿದ್ದಳು. ನೆರಿಯೊ ಮೇಜಿನ ತುದಿಯಲ್ಲಿ ಗಂಟನ್ನಿಟ್ಟು ಪತ್ರಿಕೆ ಬಿಚ್ಚಿದ. ಅವಳು ತಲೆ ಎತ್ತಿ ನೋಡಿದಳು. ಯಾವತ್ತಾದರೂ ಅವನು ಎಣ್ಣೆಯ ಸಾಮಾನು ಅಡುಗೆಮನೆಗೆ ತಂದರೆ ಊರಿಗೆಲ್ಲ ಕೇಳುವಂತೆ ಕೂಗುವವಳು. ಇವತ್ತು ಕೂಗಲಿಲ್ಲ. ಲಟ್ಟಣಿಗೆ ಕೆಳಗಿಟ್ಟು, ಏಪ್ರನ್ನಿಗೆ ಕೈ ಒರೆಸಿಕೊಂಡು, ಏನೋ ಭಾರ ಇಳಿದವಳಂತೆ ಉಸಿರು ಬಿಟ್ಟಳು.

"ಕೊನೆಗೂ ಅಣ್ಣನೇ ಹೇಳಿದ್ನಾ?" ಎಂದಳು.

ನೆರಿಯೊ ಜೋಡಿಸಿಕೊಂಡು ಬಂದಿದ್ದ ವಾಕ್ಯ ಇನ್ನು ಬೇಕಿರಲಿಲ್ಲ. ಕುರ್ಚಿ ಎಳೆದು ಕೂತ.

"ಅವನೇನೂ ಹೇಳ್ಲಿಲ್ಲ," ಎಂದ. "ಈಗ ನೀನು ಹೇಳ್ದೆ."

ವಾಂದಾಳ ಮುಖ ಹಿಟ್ಟಿನಷ್ಟೇ ಬೆಳ್ಳಗಾಯಿತು. "ಅಯ್ಯೋ ದೇವ್ರೇ," ಎಂದು ಬಾಯಿಗೆ ಕೈ ಹಿಡಿದಳು. ಗಲ್ಲಕ್ಕೆ ಹಿಟ್ಟು ಮೆತ್ತಿಕೊಂಡಿತು.

"ಯಾವಾಗಿಂದ ಗೊತ್ತು ನಿನಗೆ?"

"ಹೋದ ವರ್ಷ ಈಸ್ಟರಿಂದ."

"ಒಂದು ವರ್ಷ ಆಯ್ತು ವಾಂದಾ."

"ಇವತ್ತು ಹೇಳ್ತೀನಿ, ನಾಳೆ ಹೇಳ್ತೀನಿ ಅಂತಿದ್ದ ನೆರಿಯೊ. ಪ್ರತಿ ಭಾನುವಾರ, ಕಾಫಿ ಆದ್ಮೇಲೆ ಹೇಳ್ತಾನೆ ಅಂತ ನಾನು ಎದ್ದು ಪಾತ್ರೆ ತೊಳೆಯೋಕೆ ಹೋಗ್ತಿದ್ದೆ. ವಾಪಸ್ ಬಂದು ನೋಡಿದ್ರೆ ನೀವಿಬ್ರೂ ಇಸ್ಪೀಟು ಆಡ್ತಾ ಕೂತಿರ್ತಿದ್ರಿ."

"ನನಗೆ ಸುಳ್ಳು ಹೇಳ್ದೆ ನೀನು."

"ಒಂದು ಸುಳ್ಳೂ ಹೇಳಿಲ್ಲ!" ಅವಳ ಧ್ವನಿ ಏರಿತು. "ನೀನು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ. ಹೇಳಿದ್ರೆ ಅವನ ಮುಖ ನೋಡ್ತಿದ್ಯಾ ನೀನು? ಈ ಮನೆ ಬಾಗಿಲು ಬಿಟ್ರೆ ಅವನಿಗೆ ಯಾರಿದಾರೆ ಹೇಳು?"

"ನನಗೆ ಯಾರಿದ್ರು?" ಎಂದ ನೆರಿಯೊ.

ಲಟ್ಟಿಸಿದ ಹಿಟ್ಟು ಮೇಜಿನ ಮೇಲೆ ಒಣಗುತ್ತ ಅಂಚಿನಲ್ಲಿ ಮುದುಡತೊಡಗಿತ್ತು. ನೆರಿಯೊಗೆ ಹೋದ ನವೆಂಬರಿನ ಒಂದು ಭಾನುವಾರ ನೆನಪಾಯಿತು. ಅವತ್ತು ಅವನು ಇದೇ ಮೇಜಿನಲ್ಲಿ ಕೂತು, ಕೊಳವೆಯನ್ನು ಇನ್ನು ಎರಡು ಮಿಲಿಮೀಟರು ಉದ್ದ ಮಾಡಿದರೆ ಏನಾಗುತ್ತದೆ ಎಂದು ಚಮಚ, ಉಪ್ಪಿನ ಡಬ್ಬಿ ಎಲ್ಲ ಜೋಡಿಸಿ ಅರ್ಧ ಗಂಟೆ ವಿವರಿಸಿದ್ದ. ಅಣ್ಣತಂಗಿ ಇಬ್ಬರೂ ತಮ್ಮ ತಮ್ಮ ತಟ್ಟೆಯ ಸಾರು ನೋಡುತ್ತ ಹೂಂಗುಟ್ಟಿದ್ದರು. ಆಗಲೇ ಬ್ರೆಶಾದಲ್ಲಿ ಆ ಮ್ಯಾನಿಫೋಲ್ಡು ಡಜನ್ನುಗಟ್ಟಲೆ ಎರಕವಾಗುತ್ತಿತ್ತು. ಸಿಟ್ಟಿಗಿಂತ ಹೆಚ್ಚಾಗಿ ಅವನಿಗೆ ನಾಚಿಕೆಯಾಯಿತು. ತನ್ನ ಮನೆಯಲ್ಲೇ, ಎಲ್ಲರಿಗೂ ಗೊತ್ತಿರುವ ಸಂಗತಿ ಗೊತ್ತಿಲ್ಲದ ಮುದುಕನಾಗಿ ಕೂತಿದ್ದೆನಲ್ಲ ಎಂಬ ನಾಚಿಕೆ.

ಊಟ ಮಾಡದೆ ಎದ್ದು ಹೋದ.

ಲೆಯಾರ್ಕೊನ ಕೆಲಸದ ಕೋಣೆಯಲ್ಲಿ ಯಾವಾಗಲೂ ಪೈನ್ ಮರದ ಹೊಟ್ಟಿನ ವಾಸನೆ. ಅವನು ಕಿಟಕಿಯ ಬೆಳಕಿಗೆ ಉಳಿಯ ಬಾಯಿ ನೋಡುತ್ತ ನಿಂತಿದ್ದ. ನೆರಿಯೊ ಬಾಗಿಲಲ್ಲಿ ನಿಂತದ್ದನ್ನೂ ಅವನ ಕಂಕುಳಲ್ಲಿದ್ದದ್ದನ್ನೂ ನೋಡಿ ಉಳಿಯನ್ನು ನಿಧಾನವಾಗಿ ಅದರ ಜಾಗದಲ್ಲಿಟ್ಟ.

"ಬಾ," ಎಂದ.

"ಬರೋದೇನು, ಬಂದಿದೀನಿ. ಕೆಲಸದಲ್ಲಿ ತಪ್ಪಿದ್ರೆ ಹೇಳ್ತೀನಿ ಅಂತ ಇದನ್ನ ಅಳೆದು ನೋಡ್ದೆ ಲೆಯಾರ್ಕೊ. ಎಲ್ಲೂ ತಪ್ಪಿಲ್ಲ. ಆ ತಗ್ಗನ್ನಾದ್ರೂ ಮುಚ್ಚಿ ಕೊಡಬಾರ್ದಾಗಿತ್ತಾ?"

"ಬೇಕಂತ್ಲೇ ಬಿಟ್ಟೆ," ಎಂದ ಲೆಯಾರ್ಕೊ. "ಯಾವತ್ತಾದ್ರೂ ಒಂದು ನಿನ್ನ ಕೈಗೆ ಬರುತ್ತೆ, ನೀನೇ ಕಂಡುಹಿಡೀತೀಯ, ಬಾಯಿಬಿಟ್ಟು ಹೇಳೋ ಕಷ್ಟ ತಪ್ಪುತ್ತೆ ಅಂತ."

ಆ ಮಾತು ಕೇಳಿ ನೆರಿಯೊಗೆ ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಕೈಯಲ್ಲಿ ಮ್ಯಾನಿಫೋಲ್ಡಿತ್ತು. ಹೊಡೆದಿದ್ದರೆ ಕೆನ್ನೆ ಉಳಿಯುತ್ತಿರಲಿಲ್ಲ. ಅದನ್ನು ಕೆಳಗಿಟ್ಟ.

"ಎಷ್ಟಕ್ಕೆ ಮಾರಿದೆ?"

"ದುಡ್ಡಿನ ಮಾತಾಡ್ಬೇಡ. ನನಗೆ ದುಡ್ಡು ಬೇಕಿತ್ತು ಅಂತ ಅಂದ್ಕೊಂಡ್ಯಾ?" ಲೆಯಾರ್ಕೊ ಮೂಲೆಯ ಕಪಾಟಿನಿಂದ ಒಂದು ಕ್ಯಾಟಲಾಗು ತೆಗೆದು ಪುಟ ಬಿಡಿಸಿ ಅವನ ಮುಂದೆ ಹಿಡಿದ. ಫೋಟೊ. ಅದರ ಕೆಳಗೆ ದಪ್ಪಕ್ಷರದಲ್ಲಿ, 'ಬಾರ್ಬೊಲಿನಿ ಮಾದರಿ'. ಆ ಪುಟದ ಮೂಲೆ ಬೆರಳಾಡಿಸಿ ಆಡಿಸಿ ಸವೆದಿತ್ತು.

"ಹೋಗ್ಲಿ, ಇದನ್ನ ನೋಡು," ಎಂದು ಅದೇ ಕಪಾಟಿನಿಂದ ಇನ್ನೊಂದನ್ನು ತೆಗೆದ. ಅದು ನಾಲ್ಕು ವರ್ಷದ ಹಿಂದಿನ ಕಾರು ಪತ್ರಿಕೆ. ನೆರಿಯೊನ ಬಗ್ಗೆ ಮೂರು ಪುಟದ ಲೇಖನ ಬಂದಿತ್ತು. "ಮೂರು ಪುಟ. ನಾನು ಕನ್ನಡಕ ಹಾಕ್ಕೊಂಡು ಎಷ್ಟು ಸಲ ಓದಿದೀನೋ ಲೆಕ್ಕ ಇಲ್ಲ. ನಿನ್ನ ನಾಯಿ ಹೆಸರಿದೆ ಕಣೋ ಇದರಲ್ಲಿ. ನನ್ನ ಹೆಸರಿಲ್ಲ."

"ಆ ಪತ್ರಿಕೆಯವನು ಕೇಳ್ಲಿಲ್ಲ."

"ನೀನು ಹೇಳ್ಲಿಲ್ಲ."

ನೆರಿಯೊ ಪತ್ರಿಕೆಯನ್ನು ಅವನ ಕೈಯಿಂದ ತೆಗೆದು ಮುಚ್ಚಿಟ್ಟ.

"ಒಂಬತ್ತು ಸಲ ಕೆತ್ತಿದೀನಿ ಇದನ್ನ," ಎಂದ ಲೆಯಾರ್ಕೊ. "ಇಲ್ಲಿ ಎರಡು ಮಿಲಿಮೀಟರು, ಅಲ್ಲಿ ಮೂರು. ಐದನೇ ಸಲಕ್ಕೇ ಸರಿಯಾಗಿತ್ತು ಇದು, ನನ್ನ ಕೈಗೆ ಗೊತ್ತು. ನೀನು ಬಿಡ್ಲಿಲ್ಲ. ಇಪ್ಪತ್ತು ಹೊಯ್ಯಿಸೋಣ, ಬೇಕಾದವರಿಗೆ ಕೊಡೋಣ ಅಂತ ಎರಡು ಸಲ ಕೇಳ್ದೆ. ನಕ್ಬಿಟ್ಟೆ. ಇನ್ನೂ ಆಗಿಲ್ಲ ಅಂದೆ. ಯಾವಾಗ ಆಗ್ತಿತ್ತು? ನಮ್ಮನ್ನ ಮಣ್ಣು ಮಾಡಿದ್ಮೇಲಾ? ಜೀವನಪೂರ್ತಿ ಅಚ್ಚು ಮಾಡ್ದೆ ನಾನು. ಎರಕ ಆದ್ಮೇಲೆ ಅಚ್ಚನ್ನ ಯಾರು ಕೇಳ್ತಾರೆ?"

ಅವನು ಹೇಳಿದ್ದೆಲ್ಲ ನಿಜ. ಅದು ನೆರಿಯೊಗೆ ಗೊತ್ತಿತ್ತು. ಎರಡು ಸಲ ಕೇಳಿದ್ದು ನಿಜ, ನಕ್ಕದ್ದೂ ನಿಜ. ಆದರೆ ಇಷ್ಟೆಲ್ಲ ನಿಜವನ್ನು ಎದೆಯಲ್ಲಿಟ್ಟುಕೊಂಡು ಒಂದು ವರ್ಷ ಎದುರುಬದುರು ಕೂತು ಉಂಡನಲ್ಲ, ತನ್ನ ಲೋಟಕ್ಕೆ ವೈನು ಸುರಿದನಲ್ಲ, ಅದನ್ನೇನು ಮಾಡುವುದು?

"ಮೂರನೇ ಸಲ ಕೇಳಬೇಕಾಗಿತ್ತು," ಎಂದ ನೆರಿಯೊ. "ಕೂಗಾಡಬೇಕಾಗಿತ್ತು. ನನ್ನ ಕೊರಳಪಟ್ಟಿ ಹಿಡೀಬೇಕಾಗಿತ್ತು. ಕದ್ದುಮುಚ್ಚಿ ನನ್ನ ಬೆನ್ನ ಹಿಂದೆ ಹೋದೆಯಲ್ಲೋ. ನನ್ನ ಹೆಂಡ್ತೀನೂ ಜೊತೆಗೆ ಕರ್ಕೊಂಡು ಹೋದೆ."

ಲೆಯಾರ್ಕೊ ತಲೆ ತಗ್ಗಿಸಿದ. "ಅವಳಿಗೆ ಹೇಳಿದ್ದು ತಪ್ಪಾಯ್ತು," ಎಂದ. "ಅದೊಂದು ತಪ್ಪಾಯ್ತು."

"ಅದೊಂದಾ?" ಎಂದು ನೆರಿಯೊ ಮ್ಯಾನಿಫೋಲ್ಡನ್ನೆತ್ತಿಕೊಂಡು ಹೊರಬಿದ್ದ.

ಮುಂದಿನ ಮೂರು ದಿನ ಅವನು ಯಾರ ಜೊತೆಗೂ ಮಾತಾಡದೆ ತಮಾರಾಳ ಎಂಜಿನ್ನಿಗೆ ಒಂದಾದ ಮೇಲೊಂದು ಮೂರನ್ನೂ ಕಟ್ಟಿ ಪರೀಕ್ಷೆ ಮಾಡಿದ. ಬೆಂಚಿನ ಮೇಲೆ ಎಂಜಿನ್ ಓಡಿಸಿದರೆ ಯಾವ ಸುತ್ತಿನಲ್ಲಿ ಎಷ್ಟು ಎಳೆತವಿದೆ ಎಂದು ಮುಳ್ಳು ತೋರಿಸುತ್ತದೆ. ಕಾರ್ಖಾನೆಯದ್ದು ಸಾಧು. ಕೆಳಗೆ ಚೆನ್ನಾಗಿ ಎಳೆದು, ಮೇಲೆ ಹೋದಂತೆ ಉಸಿರು ಸಿಕ್ಕಿಕೊಂಡಂತೆ ಒದ್ದಾಡಿತು. ಗಿಡ್ಡ ಕೊಳವೆಯದ್ದು ಐದು ಸಾವಿರ ಸುತ್ತು ದಾಟಿದ ಮೇಲೆ ಕಿರುಚಿಕೊಂಡು ಓಡಿತು, ಆದರೆ ಮೂರೂವರೆ ಸಾವಿರದ ಹತ್ತಿರ ದೊಡ್ಡದೊಂದು ಗುಂಡಿಗೆ ಬಿದ್ದಂತೆ ಸುಸ್ತಾಯಿತು. ಕೊನೆಗೆ ಮೂರನೆಯದನ್ನು ಕಟ್ಟಿದ. ಅದು ಮೂರು ಸಾವಿರದಿಂದಲೇ ಎಳೆಯತೊಡಗಿ ಎಲ್ಲೂ ತಡವರಿಸದೆ ಐದೂವರೆ ಸಾವಿರದವರೆಗೂ ಹಾಗೇ ಹೋಯಿತು. ತುತ್ತತುದಿಯಲ್ಲಿ ಮಾತ್ರ ಎರಡನೆಯದಕ್ಕಿಂತ ಮೂರು ಕುದುರೆಶಕ್ತಿ ಕಡಿಮೆ.

ಹಿಮ್ಮುರಿ ತಿರುವಿನಿಂದ ಹೊರಬರುವ ಕಾರಿನ ಎಂಜಿನ್ ಮೂರೂವರೆ ಸಾವಿರದಲ್ಲಿರುತ್ತದೆ. ಆ ಗುಡ್ಡಕ್ಕೆ ಯಾವುದನ್ನು ಹಾಕಬೇಕೆಂದು ಕೇಳಬೇಕಾದ ಅಗತ್ಯವೇ ಇರಲಿಲ್ಲ.

ನೆರಿಯೊ ತಮಾರಾಳಿಗೆ ಫೋನು ಮಾಡಿದ.

"ಎರಡನೇದು ಹಾಕೋಣ ಡಾಕ್ಟ್ರಮ್ಮ. ಅದರಲ್ಲೇ ಶಕ್ತಿ ಜಾಸ್ತಿ. ಮೂರು ಕುದುರೆ."

"ಹಾಗಾ? ಹಾಕಿ ಹಾಕಿ," ಎಂದಳು ಅವಳು. ಹಿಂದಿನಿಂದ ಯಾವುದೋ ಕರು ಅಂಬಾ ಎನ್ನುತ್ತಿತ್ತು. "ಆ ಹೊಸದಕ್ಕೆ ಸುಮ್ನೆ ದುಡ್ಡು ಹಾಳು ಮಾಡ್ದೆ ಅನ್ನಿ. ನೀವು ಹೇಳಿದ್ಮೇಲೆ ಮುಗೀತು, ನನಗೆ ಯೋಚ್ನೆ ಇಲ್ಲ."

ಫೋನಿಟ್ಟ ಮೇಲೆ ಅವನು ಗಿಡ್ಡ ಕೊಳವೆಯ ಮ್ಯಾನಿಫೋಲ್ಡಿನ ಬೋಲ್ಟುಗಳನ್ನು ಸಾಲಾಗಿ ಜೋಡಿಸಿದ. ತಾನು ಹೇಳಿದ್ದರಲ್ಲಿ ಒಂದು ಸುಳ್ಳೂ ಇರಲಿಲ್ಲ. ಮೂರು ಕುದುರೆಶಕ್ತಿ ಹೆಚ್ಚು, ಕಾಗದದ ಮೇಲೆ ಬರೆದಿದೆ, ಯಾರು ಬೇಕಾದರೂ ಬಂದು ನೋಡಬಹುದು. ಅವಳು ತಿರುವಿನ ಮಾತು ಕೇಳಲಿಲ್ಲ, ಅವನು ಹೇಳಲಿಲ್ಲ. ನಾಲ್ಕು ಬೋಲ್ಟು ಬಿಗಿಯಾದ ಮೇಲೆ ಅವನ ಕೈ ನಿಂತಿತು. ಇದೇ ಮಾತನ್ನು ಮೊನ್ನೆ ಅಡುಗೆಮನೆಯಲ್ಲಿ ವಾಂದಾಳ ಬಾಯಿಂದ ಕೇಳಿದ್ದೆನಲ್ಲ ಎನಿಸಿ ಬಿಗಿದ ಬೋಲ್ಟುಗಳನ್ನು ಮತ್ತೆ ಸಡಿಲಿಸಿದ. ಅವಳ ಮಾತು ಇಷ್ಟು ಸುಲಭವಾಗಿ ತನ್ನ ನಾಲಿಗೆಗೆ ಹತ್ತಿತಲ್ಲ!

ಮರುದಿನ ಬೆಳಿಗ್ಗೆ ತಮಾರಾಳನ್ನು ಕರೆಸಿಕೊಂಡ. ಮೂರರ ಅಂಕಿಗಳನ್ನೂ ಬರೆದ ಹಾಳೆಯನ್ನು ಮುಂದಿಟ್ಟ.

"ನಿನ್ನೆ ನಾನು ಹೇಳಿದ್ದು ಸರಿಯಿಲ್ಲ. ಮೂರನೇದು ಹಾಕಬೇಕು."

"ಮೂರು ಕುದುರೆ ಅಂದ್ರಲ್ಲ?"

"ಆ ಕುದುರೆ ನೇರ ರಸ್ತೇಲಿ ಓಡೋದು. ನೀವು ಹತ್ತೋ ಗುಡ್ಡದಲ್ಲಿ ನೇರ ರಸ್ತೆ ಎಲ್ಲಿದೆ?"

ತಮಾರಾ ಹಾಳೆ ನೋಡಿದಳು, ಅವನ ಮುಖ ನೋಡಿದಳು. ಮಾತಾಡಲಾರದ ಪ್ರಾಣಿಗಳ ನೋವು ಹುಡುಕಿ ಅಭ್ಯಾಸವಿದ್ದವಳು. "ನಿನ್ನೆ ಯಾಕೆ ಬೇರೆ ಹೇಳಿದ್ರಿ?" ಎಂದು ಕೇಳಿದಳು.

"ಇದನ್ನ ಮಾಡಿದವರ ಮೇಲೆ ಸಿಟ್ಟಿತ್ತು ನನಗೆ."

"ಈಗ ಇಲ್ವಾ?"

"ಈಗ್ಲೂ ಇದೆ. ಅದಕ್ಕೂ ನಿಮ್ಮ ಕಾರಿಗೂ ಸಂಬಂಧ ಇಲ್ಲ."

ಅವಳು ಮತ್ತೇನೂ ಕೇಳಲಿಲ್ಲ. ಹೋಗುವಾಗ ಅವನ ಭುಜವನ್ನು ಒಮ್ಮೆ ಗಟ್ಟಿಯಾಗಿ ತಟ್ಟಿದಳು, ಎತ್ತಿನ ಬೆನ್ನು ತಟ್ಟುವ ಹಾಗೆ.

ಮೇ ತಿಂಗಳ ರೇಸಿನಲ್ಲಿ ತಮಾರಾ ತನ್ನ ವರ್ಗದಲ್ಲಿ ಮೂರನೆಯವಳಾದಳು. ನೆರಿಯೊ ಗುಡ್ಡದ ನಾಲ್ಕನೆಯ ತಿರುವಿನಲ್ಲಿ ನಿಂತು ಕೇಳಿಸಿಕೊಂಡ. ಕಾರು ತಿರುವು ಬಿಡುತ್ತಲೇ ಎಂಜಿನ್ ಎಲ್ಲೂ ಉಸಿರು ಕಟ್ಟದೆ ತುಂಬಿದ ಧ್ವನಿಯಲ್ಲಿ ಮೇಲೇರಿತು. ಹನ್ನೊಂದು ವರ್ಷದಿಂದ ಅವನು ತಲೆಯೊಳಗೆ ಕೇಳುತ್ತಿದ್ದ ಸದ್ದೇ ಅದು. ರಸ್ತೆಯ ಆಚೆ, ಹುಲ್ಲಿನ ಮೂಟೆಗಳ ಹಿಂದೆ ಲೆಯಾರ್ಕೊ ನಿಂತಿದ್ದ. ಅವನೂ ತಲೆ ವಾಲಿಸಿ ಅದನ್ನೇ ಕೇಳುತ್ತಿದ್ದ. ಸದ್ದು ಮರೆಯಾದ ಮೇಲೆ ಇಬ್ಬರ ಕಣ್ಣೂ ಕೂಡಿದವು. ಲೆಯಾರ್ಕೊನ ಕೈ ಅರ್ಧಕ್ಕೆ ಮೇಲೆದ್ದಿತು. ಇಂಥ ಹೊತ್ತಿನಲ್ಲಿ ಅಪ್ಪಿಕೊಂಡು ಕುಣಿಯಬೇಕಾದ ಮನುಷ್ಯ ಜಗತ್ತಿನಲ್ಲಿ ಅವನೊಬ್ಬನೇ. ಅದು ಗೊತ್ತಿದ್ದೇ ನೆರಿಯೊ ಮುಖ ತಿರುಗಿಸಿ ಇಳಿದುಹೋದ.

ಅದಾದ ಮೇಲಿನ ಭಾನುವಾರ ಬೊಲೊಞಕ್ಕೆ ಹೋಗಿ ದೆನಿಸನ ಕ್ಷಮೆ ಕೇಳಿದ. ದೆನಿಸ್ ಕಾಫಿ ಕುಡಿಸಿದ, ಮಕ್ಕಳನ್ನು ತೋರಿಸಿದ, ಬಾಗಿಲವರೆಗೆ ಬಂದು ಕಳಿಸಿಕೊಟ್ಟ. ಆದರೆ ಒಂದು ಸಲವೂ 'ಯಜಮಾನ್ರೇ' ಎನ್ನಲಿಲ್ಲ, 'ಗುಯಿದೆತ್ತಿಯವರೇ' ಎಂದ.

ಜೂನ್ ತಿಂಗಳಲ್ಲಿ ಲೆಯಾರ್ಕೊ ಗ್ಯಾರೇಜಿಗೆ ಬಂದ. ಬ್ರೆಶಾದ ಕಂಪನಿಗೆ ಕಾಗದ ಬರೆದು ಎಲ್ಲವನ್ನೂ ತಿಳಿಸಿದ್ದ. ಅವರು ಕಳಿಸಿದ ಉತ್ತರ ಅವನ ಕೈಯಲ್ಲಿತ್ತು. ಮುಂದಿನ ಕ್ಯಾಟಲಾಗಿನಿಂದ 'ಗುಯಿದೆತ್ತಿ ಮತ್ತು ಬಾರ್ಬೊಲಿನಿ ಮಾದರಿ' ಎಂದು ಅಚ್ಚಾಗುತ್ತದೆ, ನೆರಿಯೊ ಸಹಿ ಹಾಕಿದರೆ ಸಾಕು.

"ಬೇಡ," ಎಂದ ನೆರಿಯೊ, ಎಂಜಿನ್ನಿನಿಂದ ತಲೆ ಎತ್ತದೆ.

"ನಿನ್ನ ಹೆಸರು ಮೊದಲು ಹಾಕ್ಸಿದೀನಿ ಕಣೋ."

"ಹೆಸರು ನೀನೇ ಇಟ್ಕೊ. ಅದು ನಿನಗೆ ಸಲ್ಲಬೇಕಾದ್ದೇ. ನಾನು ಕೊಡಬೇಕಾಗಿತ್ತು, ಕೊಡ್ಲಿಲ್ಲ. ಅದು ನನ್ನ ತಪ್ಪು."

"ಮತ್ತೆ ಇನ್ನೇನು ಮಾಡ್ಲಿ ಹೇಳು? ಏನು ಬೇಕು ನಿನಗೆ?"

"ಆ ಒಂದು ವರ್ಷದ ಭಾನುವಾರಗಳನ್ನ ವಾಪಸ್ ಕೊಡು," ಎಂದ ನೆರಿಯೊ.

ಲೆಯಾರ್ಕೊ ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡ. ಬಂದ ದಾರಿಯಲ್ಲೇ ಹೋದ. ಆಮೇಲೆ ಬರಲಿಲ್ಲ.

ವಾಂದಾ ಭಾನುವಾರ ಬೆಳಿಗ್ಗೆ ಅಣ್ಣನ ಮನೆಗೆ ಡಬ್ಬಿಯಲ್ಲಿ ಊಟ ಕೊಟ್ಟುಬರತೊಡಗಿದಳು. ನೆರಿಯೊ ಬೇಡವೆನ್ನಲಿಲ್ಲ. ಅಲ್ಲಿ ಏನು ಮಾತಾಡಿದರು ಎಂದು ಕೇಳಲೂ ಇಲ್ಲ. ಅವಳೇ ಮೊದಮೊದಲು ಬಂದು, 'ಅವನಿಗೆ ಕೆಮ್ಮು', 'ಅವನು ಸಣ್ಣಗಾಗಿದಾನೆ' ಎನ್ನುತ್ತಿದ್ದಳು. ಕ್ರಮೇಣ ಅದೂ ನಿಂತಿತು.

ಅಕ್ಟೋಬರಿನ ಒಂದು ಭಾನುವಾರ ಇಬ್ಬರೂ ಮೇಜಿಗೆ ಕೂತಿದ್ದರು. ಹೊರಗೆ ಮಂಜು ಇಳಿದಿತ್ತು. ವಾಂದಾ ಬಡಿಸಿ, ಚೀಸು ತುರಿದು, ಕೂತಳು. ನಾಲ್ಕು ಚಮಚ ಉಂಡ ಮೇಲೆ ನೆರಿಯೊ ಚಮಚ ಕೆಳಗಿಟ್ಟ. ಕೇಳಬೇಕೆಂದು ಅವನು ಯೋಚಿಸಿಕೊಂಡಿರಲಿಲ್ಲ, ಮಾತು ತಾನಾಗಿ ಬಂತು.

"ವಾಂದಾ, ನನಗೆ ಗೊತ್ತಿಲ್ಲದ್ದು ಇನ್ನೇನಾದ್ರೂ ಇದೆಯಾ?"

ಅವಳು ತಲೆ ಎತ್ತಿ ಅವನನ್ನೇ ನೇರವಾಗಿ ನೋಡಿದಳು. ಅವಳ ಕಣ್ಣಲ್ಲಿ ನೀರು ತುಂಬಿತು.

"ಇಲ್ಲ ನೆರಿಯೊ. ದೇವರಾಣೆ, ಇನ್ನೇನೂ ಇಲ್ಲ."

ಅವನು ತಲೆಯಾಡಿಸಿ ಮತ್ತೆ ಚಮಚ ಕೈಗೆತ್ತಿಕೊಂಡ. ಅವಳು ಹೇಳಿದ್ದು ನಿಜವೇ ಇದ್ದಿರಬೇಕು. ಬಹುಶಃ ನಿಜವೇ. ಆದರೆ ಮದುವೆಯಾಗಿ ಇಷ್ಟು ವರ್ಷದಲ್ಲಿ ಅವಳ ಮಾತು ನಿಜವೋ ಅಲ್ಲವೋ ಎಂದು ಅವನು ಯೋಚಿಸಿದ್ದು ಅದೇ ಮೊದಲು. ಸಾರು ಆರುವವರೆಗೂ ಅದನ್ನೇ ಯೋಚಿಸುತ್ತ ಉಂಡ.